ಎಳ್ಳಮಾವಾಸ್ಯೆಯ ಬುತ್ತಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಊಟದ ಮೂಲ ಎರೆಮಣ್ಣು. ಮಳೆ ನಿಂತ ಮೇಲೂ ಈ ಮಣ್ಣು ತೇವ ಹಿಡಿದಿಡುತ್ತದೆ; ಆ ತೇವ ಮತ್ತು ಇಬ್ಬನಿಯ ಬಲದಲ್ಲೇ ಹಿಂಗಾರಿ ಬಿಳಿಜೋಳ ತೆನೆಗಟ್ಟುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಆದ್ದರಿಂದ ಕುದಿನೀರಲ್ಲಿ ನಾದಿ, ಅಂಗೈಯಿಂದ ಬಡಿದು ರೊಟ್ಟಿ ಮಾಡುತ್ತಾರೆ. ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು. ಜೊತೆಗೆ ಶೇಂಗಾ ಹಿಂಡಿ, ಪುಂಡಿಪಲ್ಲೆ, ತೊಗರಿಬೇಳೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ.

ಎಳ್ಳಮಾವಾಸ್ಯೆ ಈ ರುಚಿಗಳೆಲ್ಲ ಒಂದೆಡೆ ಕೂಡುವ ದಿನ. ಸಜ್ಜೆ ರೊಟ್ಟಿ, ಕಡುಬು, ಹಸಿಕಾಳು ಮತ್ತು ಸೊಪ್ಪು ಬೆರೆಸಿದ ಭಜ್ಜಿ, ಅಂಬಲಿ ಕಟ್ಟಿಕೊಂಡು ಮನೆಮಂದಿ ಹೊಲಕ್ಕೆ ಹೋಗುತ್ತಾರೆ. ತಂದ ಅಡುಗೆಯಲ್ಲಿ ಒಂದಿಷ್ಟನ್ನು ಹೊಲಕ್ಕೆ ಎರಚಿ, ಭೂಮಿತಾಯಿಗೆ ಚರಗ ಚೆಲ್ಲಿದ ಮೇಲೆಯೇ ಊಟ. ನೆಂಟರಿಗೂ ಗೆಳೆಯರಿಗೂ ಅದರಲ್ಲಿ ಪಾಲುಂಟು.

ಹಣ್ಣುಗಳಿಗೂ ಅವುಗಳದೇ ಋತುವಿದೆ. ಮಳೆಗಾಲದ ಕೊನೆಗೆ ಸೀತಾಫಲ, ಚಳಿಗಾಲಕ್ಕೆ ಬದುವಿನ ಬಾರಿಹಣ್ಣು, ಬೇಸಿಗೆಗೆ ಕವಳಿಹಣ್ಣು. ಹುಳಿ-ಸಿಹಿಯ ಬಾರಿಹಣ್ಣಿನಲ್ಲಿ ಸಿ ಜೀವಸತ್ವ ಹೇರಳ. ಬದುವಿನ ಗಿಡ ಉಳಿದರೆ ಹಣ್ಣು, ಹೊಲದಲ್ಲಿ ಜೋಳ ಉಳಿದರೆ ರೊಟ್ಟಿ. ನೆಲದ ರುಚಿ ಉಳಿಯುವುದು ಹೀಗೆ ಬಿತ್ತಿ, ಕಾಪಾಡಿ, ಹಂಚಿ ಉಣ್ಣುವುದರಿಂದ.