ಆಣೆಗೆ ಔಷಧದ ಆಸರೆ

(ಮುಂಬಯಿಯ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ಕುಡಿತದ ಮಾತೇಕೆಂದು ತಾವು ಹುಬ್ಬೇರಿಸಬಹುದು. ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಕೆಲವಕ್ಕೆ ನೆಮ್ಮದಿ ತಪ್ಪಿರುವುದು ಇದರಿಂದಲೇ. ಆದುದರಿಂದ ಕ್ಷಮೆ ಕೋರಿ ನಾಲ್ಕು ಮಾತುಗಳನ್ನು ಹೇಳುತ್ತೇವೆ.

ನಮಗೆ ಪರಿಚಿತವಾದ ಮನೆಯೊಂದರ ಯಜಮಾನರು ಮನೆದೇವರ ಮೇಲೆ ಆಣೆಯಿಟ್ಟು ಮೂರು ಸಲ ಕುಡಿತ ಬಿಟ್ಟವರು. ಮೂರು ಸಲವೂ ಮತ್ತೆ ಹಿಡಿದವರು. ಬೇಸತ್ತ ಹೆಂಡತಿ ಯಾರೋ ತಂದುಕೊಟ್ಟ ಮಾತ್ರೆಯನ್ನು ಪುಡಿಮಾಡಿ ಸಾರಿನಲ್ಲಿ ಬೆರೆಸಿದರು. ಅಂದು ಸಂಜೆ ಕುಡಿದೊಡನೆ ಅವರ ಮುಖ ಕೆಂಪೇರಿತು, ಎದೆ ಡವಡವನೆ ಬಡಿಯಿತು, ವಾಂತಿಯಾಗಿ ಕುಸಿದರು. ಏನು ಕೊಟ್ಟಿರೆಂದು ವೈದ್ಯರು ಕೇಳಿದರೆ ಆ ತಾಯಿಗೆ ನಾಲಗೆಯೇ ಏಳಲಿಲ್ಲ. ಜೀವವೇನೋ ಉಳಿಯಿತು, ಮನೆಯ ಊಟವನ್ನು ಗಂಡ ಮತ್ತೆ ನಂಬುವುದಕ್ಕೆ ಬಹುಕಾಲ ಹಿಡಿಯಿತು.

ಆ ಮಾತ್ರೆ ಡೈಸಲ್ಫಿರಾಮ್. ಅದರ ಗುಣವನ್ನು 1948ರಲ್ಲಿ ಡೆನ್ಮಾರ್ಕಿನ ಹಾಲ್ಡ್ ಮತ್ತು ಜೇಕಬ್‌ಸೆನ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಮದ್ಯ ದೇಹದಲ್ಲಿ ಕರಗುವಾಗ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಹುಟ್ಟುತ್ತದೆ. ದೇಹ ಅದನ್ನು ಬೇಗನೆ ಕಳೆದುಬಿಡುತ್ತದೆ. ಮಾತ್ರೆ ಈ ಕಳೆಯುವ ಕೆಲಸವನ್ನೇ ತಡೆಯುತ್ತದೆ. ತಿಳಿದು ನುಂಗಿದವರಿಗೆ ಅದು ಕಾವಲು. ತಿಳಿಯದೆ ನುಂಗಿದವರಿಗೆ ಪ್ರಾಣಕ್ಕೇ ಅಪಾಯ. ತಪ್ಪು ಔಷಧದ್ದಲ್ಲ, ಗುಟ್ಟಿನದು.

ಇಂದು ಬೇರೆ ಔಷಧಗಳೂ ಇವೆ. ನಾಲ್ಟ್ರೆಕ್ಸೋನ್ ಕುಡಿತದ ಸುಖವನ್ನೂ ಹಂಬಲವನ್ನೂ ಕುಗ್ಗಿಸುತ್ತದೆ. ಅಕಾಂಪ್ರೊಸೇಟ್, ಬಿಟ್ಟವರು ಬಿಟ್ಟಂತೆಯೇ ಇರಲು ನೆರವಾಗುತ್ತದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕುಡಿತದ ಚಿಕಿತ್ಸೆಗೆಂದು ಇವೆರಡನ್ನೂ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಇನ್ನೊಂದು ಎಚ್ಚರಿಕೆ: ನಿತ್ಯ ವಿಪರೀತ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸಹೊರಟರೆ ನಡುಕ, ಸೆಳವು, ಸನ್ನಿ ಬಂದು ಪ್ರಾಣವೇ ಹೋಗಬಹುದು. ಆ ಮೊದಲ ದಿನಗಳನ್ನು ವೈದ್ಯರ ಕಣ್ಣೆದುರಿನಲ್ಲಿ, ಔಷಧದ ಬಲದಿಂದಲೇ ದಾಟಿಸತಕ್ಕದ್ದು.

ಅಫೀಮು, ಹೆರಾಯಿನ್‌ಗಳ ಮಾತೂ ಇದೇ. 1965ರಲ್ಲಿ ನ್ಯೂಯಾರ್ಕಿನ ಡೋಲ್ ಮತ್ತು ನಿಸ್ವಾಂಡರ್ ಎಂಬ ವೈದ್ಯರು ಮೆಥಡೋನ್ ಚಿಕಿತ್ಸೆಯ ಫಲವನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ ಹೆಚ್ಚಾಗಿ ಕೊಡುವುದು ನಾಲಗೆಯಡಿ ಇಟ್ಟುಕೊಳ್ಳುವ ಬ್ಯುಪ್ರೆನಾರ್ಫಿನ್. ಒಂದು ಚಟ ಬಿಡಿಸಿ ಇನ್ನೊಂದನ್ನು ಕಲಿಸಿದಂತಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ವೈದ್ಯರು ಗೊತ್ತುಪಡಿಸಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಮೈನೋವೂ ಹಂಬಲವೂ ಅಡಗಿ ಮನುಷ್ಯ ಕೆಲಸಕ್ಕೆ ಹೋಗುತ್ತಾನೆ, ಮಕ್ಕಳ ಮುಖ ನೋಡುತ್ತಾನೆ. ಅವಸರದಿಂದ ನಿಲ್ಲಿಸಿ ಮತ್ತೆ ಹಳೆಯ ಪ್ರಮಾಣಕ್ಕೆ ಕೈಹಾಕಿದರೆ ದೇಹ ತಾಳದೆ ಸಾಯುವುದುಂಟು. ಸಕ್ಕರೆ ರೋಗದವರ ಇನ್ಸುಲಿನ್ನನ್ನು ಯಾರಾದರೂ ಚಟವೆನ್ನುವರೇ?

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಧೀನರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ದೊರೆತಿತ್ತು. ಉಳಿದ 37 ಮಂದಿಯಲ್ಲಿ ಎಷ್ಟೋ ಜನರನ್ನು ತಡೆದಿರುವುದು ನಾಚಿಕೆ. ಆ ನಾಚಿಕೆಯನ್ನು ಬೆಳೆಸಿದವರಲ್ಲಿ ನಾವೂ ಇದ್ದೇವೆ. ಆಣೆ ಮುರಿದವರನ್ನು ಹೀಗಳೆದೆವು. ಔಷಧ ಹಿಡಿದವರನ್ನು ಕಂಡು ಪಿಸುಗುಟ್ಟಿದೆವು.

ಯಾರನ್ನು ಕೇಳುವುದೆಂದು ತೋಚದವರು 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ದುಃಖವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳುವುದೂ ಒಂದು ಸಮಾಧಾನವಷ್ಟೆ.

ಆ ದಂಪತಿಗಳು ಆಮೇಲೆ ಜೊತೆಯಾಗಿಯೇ ವೈದ್ಯರ ಬಳಿಗೆ ಹೋದರು. ಕೊಟ್ಟದ್ದು ಅದೇ ಔಷಧ. ಆದರೆ ಈಗ ಮಾತ್ರೆ ಸಾರಿನಲ್ಲಿಲ್ಲ. ಬೆಳಗಿನ ಕಾಫಿಯ ಪಕ್ಕದಲ್ಲಿ, ತಟ್ಟೆಯ ಮೇಲೆ, ಇಬ್ಬರಿಗೂ ಕಾಣುವಂತೆ ಇರುತ್ತದೆ. ಅವರೇ ಕೈಯಾರೆ ತೆಗೆದು ನುಂಗುತ್ತಾರೆ.