ಶಾಲೆಯ ಬಾಗಿಲು, ಶಾಸನ ಮತ್ತು ನಮ್ಮ ಹೆಣ್ಣುಮಕ್ಕಳು

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾಗಿದ್ದ ಪೋಷಕರ ಹಾಗೂ ಶಿಕ್ಷಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ದೇವಾಲಯದ ಶತಮಾನೋತ್ಸವವನ್ನು ಆಚರಿಸುವಾಗ ಅದರ ಮಗ್ಗುಲಲ್ಲೇ ಬೆಳೆದ ಶಾಲೆಯನ್ನು ಮರೆಯಲಾಗದು. ಆ ಶಾಲೆಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳನ್ನು ಕಾಣುವ ಬಗ್ಗೆ ನಮ್ಮ ದೇಶದ ಶಾಸನ ಏನು ಹೇಳುತ್ತದೆ, ಎಲ್ಲಿ ಮೌನವಾಗಿದೆ ಎಂಬುದನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ.

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣಮಾತ್ರದಿಂದ ರಾಜ್ಯವು ಯಾವ ಪ್ರಜೆಗೂ ತಾರತಮ್ಯ ಮಾಡಕೂಡದೆಂದು ವಿಧಿಸುತ್ತದೆ. ಅದೇ ವಿಧಿಯ ಮೂರನೆಯ ಖಂಡ ಸ್ತ್ರೀಯರಿಗೂ ಮಕ್ಕಳಿಗೂ ವಿಶೇಷ ಸೌಲಭ್ಯ ಕಲ್ಪಿಸಲು ಅವಕಾಶ ನೀಡುತ್ತದೆ. ಆದರೆ ಶಾಲಾ ಕಾಲೇಜುಗಳ ಪ್ರವೇಶವನ್ನು ಕುರಿತೇ ಹೇಳುವ 29ನೆಯ ವಿಧಿಯ ಎರಡನೆಯ ಖಂಡವನ್ನು ಓದಿ ನೋಡಿ. ಧರ್ಮ, ಜನಾಂಗ, ಜಾತಿ, ಭಾಷೆ ಎಂಬ ನಾಲ್ಕೇ ಪದಗಳು ಅಲ್ಲಿವೆ. ಲಿಂಗ ಎಂಬ ಪದವಿಲ್ಲ.

ಒಂದು ಪದವಿಲ್ಲದಿದ್ದರೆ ಏನಾದೀತೆಂದು ನೀವು ಕೇಳಬಹುದು. ಆಗಿನ್ನೂ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಉಡುಪಿಯಲ್ಲಿ ಒಬ್ಬ ವಿದ್ಯಾರ್ಥಿನಿಗೆ ಕಾಲೇಜು ಪ್ರವೇಶ ದೊರೆಯಲಿಲ್ಲ. ಸಿಂಡಿಕೇಟಿನ ಅನುಮತಿಯಿಲ್ಲದೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಬಾರದೆಂದು ಮದರಾಸು ವಿಶ್ವವಿದ್ಯಾನಿಲಯವು ಕಾಲೇಜುಗಳಿಗೆ ಆದೇಶಿಸಿತ್ತು. ಹೆಣ್ಣುಮಕ್ಕಳಿಗೆ ತಕ್ಕ ಸೌಕರ್ಯಗಳಿರಬೇಕೆಂಬುದು ಅದಕ್ಕೆ ಕೊಟ್ಟ ಕಾರಣ. ಆಕೆ ನ್ಯಾಯಾಲಯದ ಮೊರೆಹೊಕ್ಕಳು. ವಿಶ್ವವಿದ್ಯಾನಿಲಯದ ಮೇಲ್ಮನವಿಯನ್ನು 1953ರಲ್ಲಿ ತೀರ್ಮಾನಿಸಿದ ಮದರಾಸು ಉಚ್ಚ ನ್ಯಾಯಾಲಯವು, ಪ್ರವೇಶದ ವಿಷಯಕ್ಕೆ ಅನ್ವಯಿಸುವುದು 29ನೆಯ ವಿಧಿ, ಅದರಲ್ಲಿ ಲಿಂಗದ ಪ್ರಸ್ತಾಪವಿಲ್ಲ, ಮೇಲಾಗಿ ವಿಶ್ವವಿದ್ಯಾನಿಲಯವು ‘ರಾಜ್ಯ’ವೆನಿಸದು ಎಂದು ಹೇಳಿ ಆದೇಶವನ್ನು ಎತ್ತಿಹಿಡಿಯಿತು. ಮುಂದಿನ ದಶಕಗಳಲ್ಲಿ ‘ರಾಜ್ಯ’ ಎಂಬ ಪದದ ಅರ್ಥವನ್ನು ಸುಪ್ರೀಂ ಕೋರ್ಟು ಬಹಳಷ್ಟು ವಿಸ್ತರಿಸಿತು. ಆದರೂ ನಮ್ಮ ನಾಡಿನ ಒಂದು ಹೆಣ್ಣುಮಗುವಿಗೆ ಬಾಗಿಲು ಮುಚ್ಚಲು ಅಂದು ‘ಸೌಕರ್ಯವಿಲ್ಲ’ ಎಂಬ ಮಾತೇ ಸಾಕಾಗಿತ್ತೆಂಬುದು ಚರಿತ್ರೆಯಲ್ಲಿ ಉಳಿದಿದೆ.

ಆ ವಾದವನ್ನು ಇಂದಿನ ಶಾಸನ ತಲೆಕೆಳಗು ಮಾಡಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಅದು ಉಚಿತ ಶಿಕ್ಷಣದ ಹಕ್ಕನ್ನಿತ್ತಿತು. ಬಾಲಕರಿಗೂ ಬಾಲಕಿಯರಿಗೂ ಪ್ರತ್ಯೇಕ ಶೌಚಾಲಯವಿರಬೇಕೆಂದು ತನ್ನ ಅನುಸೂಚಿಯಲ್ಲಿ ಬರೆಯಿತು. ಸೌಕರ್ಯವಿಲ್ಲವೆಂದು ಹುಡುಗಿಯನ್ನು ಹೊರಗೆ ನಿಲ್ಲಿಸುವುದಲ್ಲ, ಹುಡುಗಿಗಾಗಿ ಸೌಕರ್ಯವನ್ನು ಕಲ್ಪಿಸುವುದೇ ಶಾಲೆಯ ಕರ್ತವ್ಯವಾಯಿತು.

ಇಲ್ಲಿ ನಾವು ನಮ್ಮ ಮನಸ್ಸಾಕ್ಷಿಯನ್ನು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ. ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಅದನ್ನಾಧರಿಸಿ 2014ರಲ್ಲಿ ಸುಪ್ರೀಂ ಕೋರ್ಟು, ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. 2025ರಲ್ಲಿ ಅದೇ ನ್ಯಾಯಾಲಯದ ಮತ್ತೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿತು. ಈ ವಿನಾಯಿತಿ ನಮ್ಮ ಸಂಸ್ಥೆಗಳ ಸ್ವಾತಂತ್ರ್ಯಕ್ಕಾಗಿ ಇರುವುದೇ ಹೊರತು, ನಮ್ಮ ಅಲಕ್ಷ್ಯಕ್ಕೆ ಆಶ್ರಯವಾಗಲೆಂದಲ್ಲ. ಕುಡಿಯುವ ನೀರು, ಶೌಚಾಲಯ ಮುಂತಾದವನ್ನು ಆರು ತಿಂಗಳೊಳಗೆ ಒದಗಿಸಬೇಕೆಂದು 2012ರ ಅಕ್ಟೋಬರಿನಲ್ಲಿ ಆಜ್ಞಾಪಿಸಿದಾಗ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಶಾಲೆಗಳನ್ನೂ ಹೆಸರಿಸಿಯೇ ಸೇರಿಸಿತ್ತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆಯಿಂದಲೂ ನಮಗೆ ಯಾವ ವಿನಾಯಿತಿಯೂ ಇಲ್ಲ. ಅಪರಾಧ ತಿಳಿದೂ ಪೊಲೀಸರಿಗೆ ವರದಿ ಮಾಡದಿರುವುದು ಶಿಕ್ಷಾರ್ಹ. ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಡುವ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಸಂಸ್ಥೆಯ ಮಾನಕ್ಕಿಂತ ಮಗುವಿನ ಮಾನ ದೊಡ್ಡದು. ಗುರುಗಳಾದ ನಮಗೂ, ಧರ್ಮಭಗಿನಿಯರಿಗೂ, ಶಿಕ್ಷಕರಿಗೂ ಈ ಮಾತು ಸಮಾನವಾಗಿ ಸಲ್ಲುತ್ತದೆ.

ಧರ್ಮಸಭೆಯ ಬೋಧನೆಯೂ ಇದಕ್ಕೆ ಹೊರತಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ‘ಗೌದಿಯುಂ ಎತ್ ಸ್ಪೆಸ್’ ಸಂವಿಧಾನದ 29ನೆಯ ಪರಿಚ್ಛೇದದಲ್ಲಿ, ಲಿಂಗದ ಆಧಾರದ ತಾರತಮ್ಯವು ದೇವರ ಸಂಕಲ್ಪಕ್ಕೆ ವಿರುದ್ಧವೆಂದು ಸಾರಿ, ಪುರುಷರಿಗೆ ಸಮನಾದ ವಿದ್ಯೆಯನ್ನು ಸ್ತ್ರೀಯರಿಗೆ ನಿರಾಕರಿಸುವುದನ್ನು ಹೆಸರೆತ್ತಿ ಖಂಡಿಸಿದೆ.

ಪ್ರಿಯ ಪೋಷಕರೇ, ಶಾಸನದ ಕೈ ಶಾಲೆಯ ಬಾಗಿಲವರೆಗೆ ಚಾಚೀತು. ನಿಮ್ಮ ಮನೆಯ ಅಡುಗೆಮನೆಯವರೆಗೆ ಅದು ಬಾರದು. ಮಗನಿಗೆ ಹಣ ತೆತ್ತು ದೊಡ್ಡ ಶಾಲೆ, ಮಗಳಿಗೆ ಶುಲ್ಕವಿಲ್ಲದ ಶಾಲೆ. ಮಗನಿಗೆ ಸಂಜೆ ಆಟದ ಬಯಲು, ಮಗಳಿಗೆ ಪಾತ್ರೆಯ ರಾಶಿ. ತಾಯಿ ಕಾಯಿಲೆ ಬಿದ್ದರೆ ಶಾಲೆ ತಪ್ಪಿಸುವವಳು ಮಗಳೇ. ಈ ತಾರತಮ್ಯವನ್ನು ವಿಚಾರಿಸಲು ಯಾವ ನ್ಯಾಯಾಲಯವೂ ಬರುವುದಿಲ್ಲ. ಅಲ್ಲಿ ನೀವೇ ನ್ಯಾಯಾಧೀಶರು.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಕಲ್ಲು ಹೊತ್ತು ಈ ದೇವಾಲಯವನ್ನು ಕಟ್ಟಿದರು. ಎರಡನೆಯ ಶತಮಾನದ ಕೆಲಸಕ್ಕೆ ಅಷ್ಟು ಕಲ್ಲು ಬೇಕಾಗಿಲ್ಲ. ಶಾಲೆಯಲ್ಲಿ ಬೀಗವಿರುವ ಬಾಗಿಲುಳ್ಳ, ನೀರಿರುವ ಶೌಚಾಲಯ, ಹುಡುಗಿಯರಿಗೂ ಆಟದ ಹೊತ್ತು, ದೂರು ಹೇಳಲು ನಂಬಿಕೆಯ ಒಬ್ಬ ಶಿಕ್ಷಕಿ, ಮನೆಯಲ್ಲಿ ಓದಲು ಒಂದು ದೀಪ ಮತ್ತು ಒಂದು ಗಂಟೆ — ಇಷ್ಟನ್ನು ಈ ವರ್ಷವೇ ಮಾಡಲು ನಾವೆಲ್ಲರೂ ಸಂಕಲ್ಪ ಮಾಡೋಣ. ದೇವರು ನಿಮ್ಮೆಲ್ಲರನ್ನೂ, ನಿಮ್ಮ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಸಮನಾಗಿ ಆಶೀರ್ವದಿಸಲಿ.