ಖಾಲಿ ಮನೆಗಳು ಯಾರಿಗೆ?



2011ರ ಜನಗಣತಿಯಂತೆ ನಮ್ಮ ದೇಶದ ಪಟ್ಟಣಗಳಲ್ಲಿ ಸುಮಾರು 1 ಕೋಟಿ 10 ಲಕ್ಷ ಮನೆಗಳು ಖಾಲಿ ಬಿದ್ದಿದ್ದುವು. ಮರುವರ್ಷ ಸರ್ಕಾರದ ತಜ್ಞರೇ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆಯೆಂದರು. ಆ ಕೊರತೆ ಬಹುಮಟ್ಟಿಗೆ ಬಡವರದೇ.

2020ರಲ್ಲಿ ಕೂಲಿಕಾರರು ಊರುಗಳಿಗೆ ನಡೆದುಹೋದ ಮೇಲೆ ಕೇಂದ್ರ ಸರ್ಕಾರ ಎಚ್ಚೆತ್ತಿತು. ಸರ್ಕಾರಿ ಹಣದಿಂದ ಕಟ್ಟಿ ಖಾಲಿಯಿದ್ದ ಮನೆಗಳನ್ನು ದುರಸ್ತಿಮಾಡಿ ವಲಸೆ ಕಾರ್ಮಿಕರಿಗೆ ಬಾಡಿಗೆಗೆ ಕೊಡುವ ಯೋಜನೆ ಹೂಡಿತು. ಆದರೆ ಅವನ್ನು 25 ವರ್ಷ ಖಾಸಗಿಯವರ ವಶಕ್ಕೂ ಕೊಡಬಹುದೆಂದಿತು. ಜನರ ಹಣದ ಮನೆಗೆ ನಡುವೆ ದಲ್ಲಾಳಿ ಏಕೆ?

ನಾವು ಕೇಳುವುದಿಷ್ಟು: ಪ್ರತಿ ಪುರಸಭೆ ಖಾಲಿ ಮನೆಗಳ ಪಟ್ಟಿ ಪ್ರಕಟಿಸಲಿ. ದುರಸ್ತಿಯ ಹಣ ಪುರಸಭೆಗೇ ಬರಲಿ. ಖಾಸಗಿ ಮಾಲೀಕನಿಗೆ ಸಹಾಯಧನ ಕೊಟ್ಟರೆ ಬಾಡಿಗೆಯ ಮಿತಿಯನ್ನೂ ಬರೆಸಿಕೊಳ್ಳಲಿ. 1951ರಲ್ಲಿ ಕಾಗೋಡಿನ ಗೇಣಿದಾರರು ಒಟ್ಟಾಗಿ ನಿಂತಂತೆ ಬಾಡಿಗೆದಾರರೂ ನಿಲ್ಲಬೇಕು. ಸಂಘ ಕಟ್ಟೋಣ, ಬನ್ನಿ.